ಮುಂಗಡ ಚಪ್ಪಾಳೆ

ಹನ್ನೆರಡು ತಿಂಗಳು, ಹನ್ನೆರಡು ಆಲ್ಬಮ್, ಹನ್ನೆರಡು ಲೇಖನ! ವರ್ಷದ ಮೊದಲ ದಿನ, ಕನ್ನಡಿಯ ಮುಂದೆ ಗಡ್ಡಕ್ಕೆ ಸೋಪು ಬಳಿದುಕೊಂಡು ನಿಂತು, ನಾನು ಈ ಘನಘೋರ ಪ್ರತಿಜ್ಞೆ ಮಾಡಿದೆ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಕೇಳುಗರ ಕೂಟ ಎಂಟು ಪುಟದ ಒಂದು ಮಾಸಪತ್ರಿಕೆ ಹೊರಡಿಸುತ್ತದೆ. ಅದರ ಐದನೆಯ ಪುಟ ನನ್ನ ಸಾಮ್ರಾಜ್ಯ. ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ಹತ್ತು ಸಲ ತಿದ್ದಿ ತೀಡಿದ ಹಾಡುಗಳನ್ನು ನಾನು ಮೂಸಿಯೂ ನೋಡುವುದಿಲ್ಲ. ಜನರ ಮುಂದೆ ನಡೆದ ಕಛೇರಿಯನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟ ಲೈವ್ ಆಲ್ಬಮ್‌ಗಳು ಮಾತ್ರ ನನ್ನ ಕಿವಿಗೆ ತಕ್ಕವು.

ಕಿವಿಯ ಮಾತು ಬಂತು, ಹೇಳಿಯೇಬಿಡುತ್ತೇನೆ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡುವುದು ನನ್ನ ಕೆಲಸ. ತಟ್ಟೆ ಇಳಿಯುವ ಸದ್ದಿನಲ್ಲೇ ಐದು ಗ್ರಾಂ ಮೋಸ ಹಿಡಿದವನು ನಾನು! ಇಂಥ ಕಿವಿಯನ್ನು ಬರೀ ತಕ್ಕಡಿಗೆ ಮೀಸಲಿಟ್ಟರೆ ಲೋಕಕ್ಕೆ ನಷ್ಟ ಎಂದುಕೊಂಡೇ ನಾನು ಸಂಗೀತದ ಕಡೆ ತಿರುಗಿದ್ದು.

“ಲೋಕ ಹೇಗೋ ತಡ್ಕೊಳ್ತಿತ್ತು,” ಎಂದಳು ನನ್ನ ಹೆಂಡತಿ. ಆಕೆ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಮುರಿದು ಕೂಡಿದ ಕೈಕಾಲುಗಳಿಗೆ ಮತ್ತೆ ಕೆಲಸ ಕಲಿಸುವುದು ಅವಳ ವೃತ್ತಿ. ಅವಳಿಗೆ ಸಂಗೀತದ ಗಂಧವಿಲ್ಲ ಎಂದು ನಾನು ಮದುವೆಯಾದ ಮೊದಲ ವರ್ಷವೇ ತೀರ್ಮಾನಿಸಿದ್ದೆ. ಆ ತೀರ್ಮಾನವನ್ನು ಇಪ್ಪತ್ತು ವರ್ಷ ಯಾವ ತಕ್ಕಡಿಗೂ ಹಾಕಿ ನೋಡಿರಲಿಲ್ಲ.

ಮೊದಲ ಆರು ತಿಂಗಳು ನನ್ನ ಲೇಖನಿ ಓಡಿದ್ದೇ ಓಡಿದ್ದು. ಜನವರಿಯಲ್ಲಿ ಜಾಝ್. ನೆಲಮಾಳಿಗೆಯ ಒಂದು ಪುಟ್ಟ ಬಾರಿನಲ್ಲಿ ಧ್ವನಿ ಮುದ್ರಿಸಿದ್ದು. ದಪ್ಪ ತಂತಿಯ ವಾದ್ಯವೊಂದು ಒಬ್ಬಂಟಿಯಾಗಿ ಮಾತಾಡುತ್ತಿರುವಾಗ ಯಾರದೋ ಕೈಯಿಂದ ಗ್ಲಾಸು ಜಾರಿ ಚೂರಾಗುತ್ತದೆ. ಡ್ರಮ್ ಬಾರಿಸುವವನು ಒಂದು ಕ್ಷಣವೂ ತಡಮಾಡದೆ ಕಂಚಿನ ತಟ್ಟೆಯನ್ನು ಮೆಲ್ಲಗೆ ತಟ್ಟಿ ಆ ಗ್ಲಾಸಿಗೆ ಉತ್ತರ ಕೊಡುತ್ತಾನೆ. ಇದನ್ನು ಕೇಳಿ ನನ್ನ ಕಣ್ಣು ಒದ್ದೆಯಾಯಿತು ಎಂದು ಬರೆದೆ. ಆಗಿತ್ತು ಕೂಡ.

ಫೆಬ್ರುವರಿಯಲ್ಲಿ ರಾಕ್. ಬಯಲಿನಲ್ಲಿ ಸಾವಿರಾರು ಜನ. ಹಾಡಿನ ನಡುವೆ ಗಾಯಕ ತಾನು ನಿಲ್ಲಿಸಿ ಮೈಕನ್ನು ಜನರ ಕಡೆ ತಿರುಗಿಸುತ್ತಾನೆ. ಎಲ್ಲರೂ ಒಟ್ಟಿಗೆ ಹಾಡುತ್ತಾರೆ, ಒಬ್ಬನನ್ನು ಬಿಟ್ಟು. ಅವನು ಮೈಕಿನ ಹತ್ತಿರವೇ ಇದ್ದಾನೆ, ಪ್ರತಿ ಸಾಲನ್ನೂ ಅರ್ಧ ಮಾತ್ರೆ ತಡವಾಗಿ, ಬಲು ಭಕ್ತಿಯಿಂದ ಹಾಡುತ್ತಾನೆ. ಆ ಪುಣ್ಯಾತ್ಮ ನನಗೆ ಒಡಹುಟ್ಟಿದವನ ಹಾಗೆ ಕಂಡ. ಮಾರ್ಚಿನ ಜಾನಪದ ಗಾಯಕ ಮೂರನೆಯ ಚರಣ ಮರೆತು ತಡವರಿಸುತ್ತಾನೆ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಹೇಳಿಕೊಡುತ್ತಾಳೆ. ಅವನು “ಬದುಕಿದೆ, ತಾಯಿ” ಎಂದು ಹಾಡು ಮುಂದುವರಿಸುತ್ತಾನೆ. ಏಪ್ರಿಲ್‌ನಲ್ಲಿ ಚಳಿಗಾಲದ ಒಂದು ವೃಂದಗಾನ. ಹಾಡು ನಡೆಯುವಾಗ ಇಡೀ ಸಭೆ ಕೆಮ್ಮನ್ನು ಗಂಟಲಲ್ಲೇ ಕಟ್ಟಿಹಾಕಿ ಕೂತಿರುತ್ತದೆ; ಹಾಡು ಮುಗಿದು ಮುಂದಿನದು ಶುರುವಾಗುವ ನಡುವೆ ಎಲ್ಲರೂ ಒಟ್ಟಿಗೆ ಕೆಮ್ಮುತ್ತಾರೆ. “ಈ ಕೆಮ್ಮೂ ಸಂಗೀತವೇ!” ಎಂದು ಬರೆದೆ. ಕೂಟದ ಸದಸ್ಯರಾದ ಹಲ್ಲಿನ ಡಾಕ್ಟರು ಆ ಸಾಲನ್ನು ಕತ್ತರಿಸಿ ತಮ್ಮ ಕ್ಲಿನಿಕ್ಕಿನ ಗೋಡೆಗೆ ಅಂಟಿಸಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇಷ್ಟೆಲ್ಲ ಸದ್ದನ್ನು ಮುದ್ದಾಡಿದ ನಾನು ಏಳನೆಯ ತಿಂಗಳಲ್ಲಿ ಒಂದು ಸದ್ದಿನ ಮೇಲೆ ಯುದ್ಧ ಸಾರಿದೆ.

ನಮ್ಮ ಊರಿನಲ್ಲೇ ಇದ್ದ ಒಬ್ಬ ಪಿಟೀಲು ವಾದಕಿಯ ಆಲ್ಬಮ್ ಅದು. ಊರೆಲ್ಲ ಅವರನ್ನು ಪಿಟೀಲಮ್ಮ ಎಂದೇ ಕರೆಯುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಪುರಸಭೆಯ ಸಭಾಂಗಣದಲ್ಲಿ ಅವರು ಕೊಟ್ಟ ಕಛೇರಿ. ಕೊನೆಯಲ್ಲಿ ಒಂದೇ ಒಂದು ಎತ್ತರದ ಸ್ವರವನ್ನು ಒಂಬತ್ತು ಸೆಕೆಂಡು ಹಿಡಿದು, ಕಮಾನನ್ನು ಎತ್ತಿ, ಮುಗಿಸುತ್ತಾರೆ. ಮುಗಿಸಬೇಕು! ಆದರೆ ಅರ್ಧಕ್ಕೇ, ಸ್ವರ ಇನ್ನೂ ನಿಂತಿರುವಾಗಲೇ, ‘ಟಪ್’ ಎಂದು ಒಂದು ಚಪ್ಪಾಳೆ. ಒಂದೇ ಒಂದು. ತಟ್ಟಿದವರಿಗೆ ತಕ್ಷಣ ನಾಚಿಕೆಯಾಗಿರಬೇಕು, ಎರಡನೆಯದು ಇಲ್ಲ. ಇಲಾಖೆಯ ಸ್ಟಾಪ್‌ವಾಚ್ ಹಿಡಿದು ಅಳೆದಿದ್ದೇನೆ: ಕಮಾನು ಏಳುವುದಕ್ಕೆ ಇನ್ನೂ ನಾಲ್ಕೂವರೆ ಸೆಕೆಂಡು ಬಾಕಿ ಇರುತ್ತದೆ.

ಮದುವೆಯಾದ ವರ್ಷ ಕೊಂಡ ಆಲ್ಬಮ್. ಎಷ್ಟು ಸಲ ಹಾಕಿದ್ದೇನೋ, ಅಷ್ಟು ಸಲವೂ ಆ ಜಾಗ ಬಂದಾಗ “ಯಾವ ಕತ್ತೆ ಇದು!” ಎಂದು ಕೂಗಿದ್ದೇನೆ. ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ “ಸ್ಟವ್ ಮೇಲೆ ಹಾಲಿದೆ” ಎಂದು ಎದ್ದು ಹೋಗುತ್ತಿದ್ದಳು. ಎಂಥ ಅರಸಿಕೆ ಎಂದು ನಾನು ಮರುಗುತ್ತಿದ್ದೆ.

ನಾನು ಪ್ರತಿಜ್ಞೆ ಮಾಡಿದ ವರ್ಷದ ಬೇಸಿಗೆಯಲ್ಲೇ ಪಿಟೀಲಮ್ಮ ತೀರಿಕೊಂಡರು. ಅವರ ನೆನಪಿಗೆ ಆ ಆಲ್ಬಮನ್ನು ಮತ್ತೆ ಹೊರತರಬೇಕೆಂದು ಕೂಟ ನಿಶ್ಚಯಿಸಿತು. ಅವರ ತಮ್ಮನ ಮಗಳು ಒಪ್ಪಿಗೆ ಕೊಟ್ಟು, ಮೂಲ ಟೇಪನ್ನೂ ಕೊಟ್ಟಳು. ಇನ್ನೇಕೆ ತಡ! ಜುಲೈ ಅಂಕಣದಲ್ಲಿ ನಾನು ಗುಡುಗಿದೆ: ಆ ಚಪ್ಪಾಳೆಯನ್ನು ಕಿತ್ತು ಹಾಕಿಯೇ ಹೊಸ ಮುದ್ರಣ ಬರಬೇಕು. ಅಷ್ಟಕ್ಕೇ ಬಿಡದೆ, ಕೇವಲ ಸದ್ದಿನ ಆಧಾರದ ಮೇಲೆ ಅಪರಾಧಿಯ ಚಹರೆಯನ್ನೂ ಬಿಡಿಸಿದೆ. “ದಪ್ಪ ಕೈ. ಪುಕ್ಕಟೆ ಟಿಕೆಟ್ಟು. ಮನಸ್ಸೆಲ್ಲ ಕೊನೆಯ ಬಸ್ಸಿನ ಮೇಲೆ. ಇಂಥವರ ಎರಡೂ ಕೈಗೆ ಬಾಗಿಲಲ್ಲೇ ಉಣ್ಣೆಯ ಕೈಗವಸು ತೊಡಿಸಿ ಒಳಗೆ ಬಿಡಬೇಕು!”

ಊರೇ ನನ್ನ ಹಿಂದೆ ಬಂತು. ಸಂಪಾದಕರೂ ಆದ ಗ್ರಂಥಪಾಲಕಿಯ ಮೇಜಿನ ಮೇಲೆ ಹದಿನೇಳು ಪತ್ರ ಬಂದು ಬಿದ್ದವು. “ಬೇರು ಸಮೇತ ಕೀಳಬೇಕು,” ಎಂದು ಹಲ್ಲಿನ ಡಾಕ್ಟರು ತಮ್ಮ ವೃತ್ತಿಗೆ ತಕ್ಕ ಮಾತಾಡಿದರು. ಕೂಟದ ಧ್ವನಿ ತಂತ್ರಜ್ಞನಿಗೆ ಚಪ್ಪಾಳೆ ತೆಗೆದ ಒಂದು ಮಾದರಿ ತಯಾರಿಸಲು ಹೇಳಿದ್ದಾಯಿತು. ಅವನು ಮೆತ್ತಗಿನ ಮನುಷ್ಯ. ವೈರುಗಳ ನಡುವೆ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ವೈರಣ್ಣ ಎನ್ನುತ್ತಿದ್ದರು. ಭಾನುವಾರ ಕೈ ಎತ್ತಿ ತೀರ್ಮಾನ, ಆಮೇಲೆ ಮಾದರಿ ಕೇಳುವುದು.

ಶನಿವಾರ ಬೆಳಿಗ್ಗೆ ನನ್ನ ಹೆಂಡತಿ ಆಸ್ಪತ್ರೆಯ ಬಿಳಿ ಕೋಟಿಗೆ ಇಸ್ತ್ರಿ ಮಾಡುತ್ತಿದ್ದಳು. ನಾನು ಟೀ ಕುಡಿಯುತ್ತ ನನ್ನದೇ ಅಂಕಣವನ್ನು ನಾಲ್ಕನೆಯ ಸಲ ಗಟ್ಟಿಯಾಗಿ ಓದಿದೆ.

“ದಪ್ಪ ಕೈ, ಪುಕ್ಕಟೆ ಟಿಕೆಟ್ಟು, ಕೊನೇ ಬಸ್ಸು... ಹೇಗಿದೆ?”

“ಟಿಕೆಟ್ಟು ಪುಕ್ಕಟೆ ಅನ್ನೋದು ನಿಜ,” ಎಂದಳು.

“ಏನಂದೆ?”

“ಕೊನೇ ಬಸ್ಸೂ ನಿಜಾನೇ. ಆದ್ರೆ ಅದರ ಮೇಲೆ ಮನಸ್ಸಿರ್ಲಿಲ್ಲ. ಇನ್ನು ಕೈ... ನೀವೇ ನೋಡಿ.” ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಎರಡೂ ಅಂಗೈಗಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

ಟೀ ನನ್ನ ನೆತ್ತಿಗೇರಿತು. ಕೆಮ್ಮಿದೆ. ಆ ಕೆಮ್ಮು ಸಂಗೀತವಾಗಿರಲಿಲ್ಲ.

“ನೀನಾ?”

“ನಾಲ್ಕನೇ ಸಾಲು. ಓಡಾಡೋ ದಾರಿ ಪಕ್ಕದ ಕುರ್ಚಿ.”

“ಇಪ್ಪತ್ತು ವರ್ಷ ಕಣೇ! ಒಂದು ಮಾತು ಹೇಳಬಾರದಾಗಿತ್ತಾ?”

“‘ತಟ್ಟಿದ್ದು ಯಾರು’ ಅಂತ ಯಾವತ್ತಾದ್ರೂ ಕೇಳಿದ್ರಾ? ‘ಯಾವ ಕತ್ತೆ’ ಅಂತ ಕೇಳ್ತಿದ್ರಿ. ಅದಕ್ಕೆ ‘ನಾನೇ ರೀ’ ಅಂತ ಅಡುಗೆಮನೆಯಿಂದ ಓಡಿ ಬರೋಕಾಗುತ್ತಾ?”

ಆಮೇಲೆ ಅವಳೇ ಎಲ್ಲ ಹೇಳಿದಳು. ಆ ಕಛೇರಿಗೆ ಒಂದು ವರ್ಷ ಮುಂಚೆ ಪಿಟೀಲಮ್ಮನ ಎಡ ಮೊಣಕೈಯಲ್ಲಿ ನರ ಒತ್ತಿಕೊಂಡು ಕಿರುಬೆರಳು ಸತ್ತ ಹಾಗೆ ಬಿದ್ದುಹೋಗಿತ್ತು. ಆಪರೇಷನ್ ಆಯಿತು. ಆಮೇಲೆ ಹನ್ನೊಂದು ತಿಂಗಳು, ವಾರಕ್ಕೆ ಮೂರು ದಿನ, ಆಗಷ್ಟೇ ಕೆಲಸಕ್ಕೆ ಸೇರಿದ್ದ ಇವಳು ಆ ಒಂದು ಬೆರಳಿಗೆ ಪಾಠ ಹೇಳಿದ್ದಳು. ಮೊದಲು ಹಿಟ್ಟಿನುಂಡೆ ಒತ್ತಿಸುವುದು, ಆಮೇಲೆ ರಬ್ಬರ್ ಬ್ಯಾಂಡ್ ಎಳೆಸುವುದು, ಆಮೇಲೆ ಬಟ್ಟೆಗೆ ಹಾಕುವ ಕ್ಲಿಪ್ಪನ್ನು ಆ ಬೆರಳಿನಿಂದ ತೆರೆಸುವುದು. ಪಿಟೀಲಮ್ಮ ಹಿಂದಿನ ಬಾಗಿಲಿನಿಂದ ಬರುತ್ತಿದ್ದರು. ಆಸ್ಪತ್ರೆಯ ಚೀಟಿಯಲ್ಲಿ ಉದ್ಯೋಗದ ಮುಂದೆ ‘ಹೊಲಿಗೆ’ ಎಂದು ಬರೆಸಿದ್ದರು.

“ಯಾಕೆ ಅಷ್ಟು ಗುಟ್ಟು?”

“ಗೊತ್ತಾದ್ರೆ ಜನ ಬೆರಳು ನೋಡೋಕೆ ಬರ್ತಾರೆ, ಪಿಟೀಲು ಕೇಳೋಕೆ ಯಾರೂ ಬರಲ್ಲ ಅಂತಿದ್ರು. ಯಾರಿಗೂ ಹೇಳಲ್ಲ ಅಂತ ನನ್ನ ಕೈಲಿ ಮಾತು ತಗೊಂಡಿದ್ರು. ಕಛೇರಿಯ ಆ ಕೊನೇ ಸ್ವರ ಕಿರುಬೆರಳಿಂದು ರೀ. ಬೇರೆ ಬೆರಳಲ್ಲೂ ಹಿಡೀಬಹುದಾಗಿತ್ತು, ಅವರು ಬೇಕು ಅಂತ ಅದನ್ನೇ ಇಟ್ರು. ಆಸ್ಪತ್ರೆಲಿ ಅದು ಎರಡು ಸೆಕೆಂಡಿಗಿಂತ ಹೆಚ್ಚು ನಿಂತಿದ್ದೇ ಇಲ್ಲ. ನಾನು ಉಸಿರು ಬಿಗಿ ಹಿಡಿದು ಎಣಿಸ್ತಾ ಕೂತಿದ್ದೆ. ಎರಡಾಯ್ತು, ಮೂರಾಯ್ತು, ನಾಲ್ಕಾಯ್ತು... ನಿಂತಿದೆ! ಕೈ ತಾನಾಗೇ ತಟ್ಟಿಬಿಡ್ತು.”

ಕೋಟಿನ ಕಾಲರು ಸರಿಮಾಡುತ್ತ ಹೇಳಿದಳು: “ಮುಗಿದ ಮೇಲೆ ಒಳಗೆ ಹೋದೆ. ಕ್ಷಮೆ ಕೇಳೋಣ ಅಂತ. ‘ಎಲ್ರೂ ಪಿಟೀಲಿಗೆ ತಟ್ಟಿದ್ರು, ನೀನೊಬ್ಬಳು ಬೆರಳಿಗೆ ತಟ್ಟಿದೆ’ ಅಂತ ಹೇಳಿ ನನ್ನ ಕೈ ಹಿಡ್ಕೊಂಡ್ರು.”

ನನಗೆ ನಾಚಿಕೆಯಾಯಿತು. ಹಾಸ್ಯಕ್ಕೆ ಹೇಳುವ ನಾಚಿಕೆಯಲ್ಲ, ಎದುರಿಗಿದ್ದವರ ಮುಖ ನೋಡಲಾಗದ ನಾಚಿಕೆ. ಇಪ್ಪತ್ತು ವರ್ಷ ಅವಳನ್ನು ಅವಳ ಮನೆಯಲ್ಲೇ ಕೂರಿಸಿಕೊಂಡು ಕತ್ತೆ ಎಂದಿದ್ದೇನೆ. ಈಗ ಮುನ್ನೂರು ಪ್ರತಿ ಅಚ್ಚು ಹಾಕಿಸಿ ಎಂದಿದ್ದೇನೆ.

“ನಾಳೆ ಎಲ್ಲ ಹೇಳಿ, ನಿಲ್ಲಿಸಿಬಿಡ್ತೀನಿ,” ಎಂದೆ.

“ಏನು ಹೇಳ್ತೀರಿ? ಅವರ ಬೆರಳಿನ ವಿಷಯ ಬಾಯಿ ಬಿಡೋ ಹಾಗಿಲ್ಲ. ತೀರಿಕೊಂಡ ಮಾತ್ರಕ್ಕೆ ಕೊಟ್ಟ ಮಾತೂ ತೀರಿಹೋಗುತ್ತಾ?”

“ಮತ್ತೆ ಆ ಚಪ್ಪಾಳೆ?”

“ತೆಗೆದ್ರೆ ತೆಗೀಲಿ ಬಿಡಿ,” ಎಂದು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಆದರೆ ಅವಳು ಕೋಟಿನ ಅದೇ ತೋಳಿಗೆ ಮೂರನೆಯ ಸಲ ಇಸ್ತ್ರಿ ಮಾಡುತ್ತಿದ್ದುದನ್ನು ನೋಡಿದೆ. ತೆಗೆಯಬಾರದೆಂದು ಅವಳಿಗೆ ಎಷ್ಟು ಆಸೆಯಿದೆ ಎಂದು ತಿಳಿಯಲು ಅಂಥ ಒಳ್ಳೆಯ ಕಿವಿಯೇನೂ ಬೇಕಿರಲಿಲ್ಲ. (ಇಷ್ಟನ್ನು ಈಗ ಬರೆಯುತ್ತಿರುವುದು ಅವಳ ಅಪ್ಪಣೆ ಪಡೆದೇ. ಯಾರ ಗುರುತೂ ಹತ್ತದ ಹಾಗೆ ನಾಲ್ಕಾರು ವಿವರ ಬದಲಿಸಿದ್ದೇನೆ. ಆ ಆಲ್ಬಮ್ ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ.)

ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಹದಿನಾಲ್ಕು ಜನ ಸದಸ್ಯರು ಸೇರಿದೆವು, ಮತಕ್ಕೆ ಸೇರದ ವೈರಣ್ಣನನ್ನು ಬಿಟ್ಟು. ನನ್ನ ಹೆಂಡತಿ ಸದಸ್ಯೆಯಲ್ಲ. “ಸುಮ್ನೆ ಬರ್ತೀನಿ” ಎಂದು ಬಂದು, ಹಿಂದಿನ ಸಾಲಿನಲ್ಲಿ ನಿಘಂಟುಗಳ ಕಪಾಟಿನ ಪಕ್ಕ ಕೂತಳು. ನಾನು ಎದ್ದು ಗಂಟಲು ಸರಿಮಾಡಿಕೊಂಡೆ.

“ಮಿತ್ರರೇ, ಆ ಚಪ್ಪಾಳೆ ಇರಲಿ ಅಂತ ನನ್ನ ಅಭಿಪ್ರಾಯ.”

ಕುರ್ಚಿಗಳೆಲ್ಲ ಒಟ್ಟಿಗೆ ಕಿರುಗುಟ್ಟಿದವು. “ಯಾಕೆ?” ಎಂದರು ಗ್ರಂಥಪಾಲಕಿ.

ಯಾಕೆಂದು ಹೇಳುವ ಹಾಗಿಲ್ಲವಲ್ಲ! ಬಾಯಿಗೆ ಬಂದದ್ದನ್ನು ಪೋಣಿಸಿದೆ. ಅದರಲ್ಲಿ ಕಾಲದ ಸ್ಪಂದನವಿದೆ ಎಂದೆ. ಸಭೆಯ ಆತ್ಮವಿದೆ ಎಂದೆ. ಅಪೂರ್ಣತೆಯ ಪೂರ್ಣತೆ ಎಂದೆ. ಅದೇನೆಂದು ನನಗೂ ಗೊತ್ತಿರಲಿಲ್ಲ.

ಹಲ್ಲಿನ ಡಾಕ್ಟರು ಜುಲೈ ಸಂಚಿಕೆಯನ್ನು ನಿಧಾನವಾಗಿ ಬಿಡಿಸಿದರು. “ಪುಟ ಐದು. ‘ಈ ಚಪ್ಪಾಳೆ ಸಂಗೀತದ ಬೆನ್ನಿಗೆ ಹಾಕಿದ ಚೂರಿ.’ ಇದನ್ನ ಬರೆದೋರು ಯಾರು?”

“ನಾನೇ.”

“ಈಗ ಮಾತಾಡ್ತಿರೋರು?”

“ಅದೂ ನಾನೇ.”

“ನಿಮ್ಮಿಬ್ಬರಲ್ಲಿ ಯಾರ ಮಾತು ಕೇಳೋಣ?”

ಎಲ್ಲರೂ ನಕ್ಕರು. ನಾನು ಕೆಮ್ಮಿನ ಬಗ್ಗೆ ಬರೆದದ್ದನ್ನು ನೆನಪಿಸಿದೆ, ಒಡೆದ ಗ್ಲಾಸನ್ನು ನೆನಪಿಸಿದೆ. ಅದಕ್ಕೂ ನಾನೇ ಜುಲೈನಲ್ಲಿ ಉತ್ತರ ಬರೆದಿಟ್ಟಿದ್ದೆ: “ಗ್ಲಾಸು ಕೈಜಾರಿ ಬೀಳುತ್ತದೆ, ಕೆಮ್ಮು ತಡೆಯಲಾಗದೆ ಬರುತ್ತದೆ, ಚಪ್ಪಾಳೆ ಮಾತ್ರ ಬುದ್ಧಿಪೂರ್ವಕ ಅಪರಾಧ.” ಡಾಕ್ಟರು ಅದನ್ನೂ ಓದಿದರು, ಅಲ್ಪವಿರಾಮ ಸಮೇತ. ನನ್ನ ವಾಕ್ಯಗಳು ಇಷ್ಟು ಗಟ್ಟಿಮುಟ್ಟಾಗಿವೆ ಎಂದು ಅವತ್ತೇ ತಿಳಿದದ್ದು. ಎಲ್ಲಿಯೂ ಒಂದು ಸಂದು ಸಿಗಲಿಲ್ಲ.

ಕೈ ಎತ್ತಿಸಿದರು. ತೆಗೆಯಲಿ ಎಂದು ಹದಿಮೂರು. ಇರಲಿ ಎಂದು ಒಂದು. “ನೀವು ಮರೆತು ಎತ್ತಿದ್ದು ತಾನೇ?” ಎಂದು ಗ್ರಂಥಪಾಲಕಿ ಕರುಣೆಯಿಂದ ಕೇಳಿದರು. ಇಲ್ಲ ಎಂದೆ. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ವೈರಣ್ಣ ಶುದ್ಧೀಕರಿಸಿದ ಮಾದರಿ ಹಾಕಿದ. ಪಿಟೀಲು ಮೆಲ್ಲಗೆ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಇಷ್ಟು ವರ್ಷ ಕೇಳಿದ್ದೇ ಆದರೂ ಅವತ್ತು ನನಗೆ ಪಿಟೀಲು ಕೇಳಿಸಲೇ ಇಲ್ಲ. ಹಿಟ್ಟಿನುಂಡೆ ಒತ್ತುತ್ತಿದ್ದ ಒಂದು ಬೆರಳೇ ಕಣ್ಣ ಮುಂದೆ ಇತ್ತು. ಕೊನೆಯ ಸ್ವರ ಬಂತು. ನಿಂತಿತು. ಈಗ ಬರಬೇಕು, ಈಗ... ಬರಲಿಲ್ಲ. ಆ ಜಾಗ ಬರಿದಾಗಿ ಹಾದುಹೋಗುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

‘ಟಪ್!’

ತಟ್ಟಿದ್ದು ನಾನು.

ವೈರಣ್ಣ ಕುರ್ಚಿಯಿಂದ ಎದ್ದೇ ನಿಂತ. “ತೆಗ್ದಿದ್ದೆ! ಆಣೆಗೂ ತೆಗ್ದಿದ್ದೆ ಮೇಡಂ! ಹೇಗೆ ಬಂತು?”

ಹದಿಮೂರು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ಬಾಗಿಲಲ್ಲೇ ಕೈಗವಸು ತೊಡಿಸಬೇಕಿತ್ತು ಎಂದು ಡಾಕ್ಟರು ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ. “ದಯವಿಟ್ಟು ಎರಡೂ ಕೈ ಜೇಬಿನಲ್ಲಿಟ್ಕೊಳ್ಳಿ,” ಎಂದರು ಗ್ರಂಥಪಾಲಕಿ. ಇಟ್ಟುಕೊಂಡೆ. ಇಪ್ಪತ್ತೆಂಟು ವರ್ಷ ಸೇವೆ ಸಲ್ಲಿಸಿದ ಸರ್ಕಾರಿ ನೌಕರ, ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವನ ಹಾಗೆ ಕೂತೆ. ಕೊನೆಯ ಭಾಗವನ್ನು ಮತ್ತೆ ಹಾಕಿದರು.

“ಆಹಾ! ಈಗ ಕೇಳಿ, ಸ್ವರ ಎಷ್ಟು ಶುದ್ಧ!” ಎಂದರು ಡಾಕ್ಟರು. ಎಲ್ಲರೂ ತಲೆದೂಗಿದರು. ಸತ್ಯ ಹೇಳುತ್ತೇನೆ, ನಾನೂ ದೂಗಿದೆ. ಚಪ್ಪಾಳೆ ಇಲ್ಲವೆಂಬ ಸಂಕಟ ಬಿಟ್ಟರೆ ಆ ಸ್ವರದಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ.

ಆಗ ನಿಘಂಟುಗಳ ಕಪಾಟಿನ ಪಕ್ಕದಿಂದ ಮಾತು ಬಂತು.

“ಇದು ಆ ಸ್ವರ ಅಲ್ಲ.”

ನನ್ನ ಹೆಂಡತಿ ಎದ್ದು ನಿಂತಿದ್ದಳು. ಡಾಕ್ಟರು ಮುಗುಳ್ನಕ್ಕರು. “ಅದೇ ಅಮ್ಮಾ. ಚಪ್ಪಾಳೆ ಮಾತ್ರ ಇಲ್ಲ.”

“ಅಲ್ಲ. ಇದು ಬೇರೆ ಬೆರಳಿಂದು. ಕಿರುಬೆರಳಲ್ಲಿ ಹಿಡಿದಾಗ ಅವರ ಸ್ವರ ಮೊದಲು ಒಂಚೂರು ನಡುಗುತ್ತೆ, ಆಮೇಲೆ ನಿಲ್ಲುತ್ತೆ. ಇದು ಬರುವಾಗ್ಲೇ ಗಟ್ಟಿಯಾಗಿ ಬಂದಿದೆ.”

“ನೀವು ಪಿಟೀಲು ಕಲ್ತಿದ್ದೀರಾ?”

“ಇಲ್ಲ.”

ಎಲ್ಲರೂ ವೈರಣ್ಣನನ್ನು ನೋಡಿದರು. ವೈರಣ್ಣ ತನ್ನ ವೈರುಗಳನ್ನು ನೋಡಿದ. ಹಣೆ ಒರೆಸಿಕೊಂಡ. “ಅದು... ಚಪ್ಪಾಳೆ ಸ್ವರದ ಮೇಲೇ ಕೂತಿತ್ತು ಮೇಡಂ. ಅದನ್ನೊಂದನ್ನೇ ಕೀಳೋಕೆ ಬರ್ಲಿಲ್ಲ. ಕಿತ್ರೆ ಸ್ವರಾನೂ ಹರಿದು ಬರ್ತಿತ್ತು. ಅದಕ್ಕೇ ಇಡೀ ಸ್ವರಾನೇ ತೆಗೆದು, ಇದೇ ಕಛೇರಿಲಿ ಮುಂಚೆ ಒಂದ್ಸಲ ಬಂದಿದ್ದನ್ನ ನಕಲು ಮಾಡಿ ಹಚ್ಚಿದೆ. ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.”

ಯಾರಿಗೂ ಗೊತ್ತಾಗಿರಲಿಲ್ಲ. ಹದಿಮೂರು ಜನ ರಸಿಕರಿಗೂ ಗೊತ್ತಾಗಿರಲಿಲ್ಲ. ತಟ್ಟೆಯ ಸದ್ದಿನಲ್ಲೇ ಐದು ಗ್ರಾಂ ಹಿಡಿಯುವ ಹದಿನಾಲ್ಕನೆಯವನು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ತಲೆದೂಗಿದ್ದ.

“ಮೂಲ ಹಾಕಿ,” ಎಂದರು ಗ್ರಂಥಪಾಲಕಿ.

ಹಾಕಿದ. ಸ್ವರ ಬಂತು, ನಡುಗಿತು. ಎಷ್ಟು ಸಣ್ಣ ನಡುಕವೆಂದರೆ, ಅವಳು ಹೇಳದಿದ್ದರೆ ಇನ್ನಿಪ್ಪತ್ತು ವರ್ಷ ಕೇಳಿದ್ದರೂ ನನಗೆ ಸಿಕ್ಕುತ್ತಿರಲಿಲ್ಲ. ಆಮೇಲೆ ನಿಂತಿತು. ಕಂಬದ ಹಾಗೆ ನಿಂತಿತು. ಆ ನಿಂತದ್ದು ಖಚಿತವಾದ ಕ್ಷಣಕ್ಕೆ ಸರಿಯಾಗಿ ಆ ಒಂದು ಚಪ್ಪಾಳೆ ಬಿತ್ತು. ನಾಲ್ಕೂವರೆ ಸೆಕೆಂಡು ಮುಂಚೆಯಲ್ಲ. ಎಲ್ಲಿ ಬೀಳಬೇಕಿತ್ತೋ ಅಲ್ಲಿ.

ಡಾಕ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. “ಇದನ್ನ ಕೀಳೋದು ಬೇಡ,” ಎಂದರು. ಮತ್ತೆ ಕೈ ಎತ್ತಿಸುವ ಅಗತ್ಯ ಬೀಳಲಿಲ್ಲ. ಆ ನಡುಕ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಒಮ್ಮೆ ಮೂಗೊರೆಸಿಕೊಂಡಳು, ಅಷ್ಟೇ.

ಎಲ್ಲರೂ ಏಳುವಾಗ ಗ್ರಂಥಪಾಲಕಿ ನನ್ನನ್ನು ದಾಟಿಕೊಂಡು ನೇರ ಅವಳ ಹತ್ತಿರ ಹೋದರು. ನಾನಿನ್ನೂ ಕೈಗಳನ್ನು ಜೇಬಿನಿಂದ ತೆಗೆದಿರಲಿಲ್ಲ. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ.

“ನೋಡಿ, ಮುಂದಿನ ತಿಂಗಳಿಂದ ಐದನೇ ಪುಟ ನೀವೇ ಬರೀರಿ. ಇವರಿಗೆ ನಾನು ಹೇಳ್ತೀನಿ.”

“ಅಯ್ಯೋ, ಬೇಡ ಮೇಡಂ,” ಎಂದು ನನ್ನ ಹೆಂಡತಿ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದಳು. “ಬರೆಯೋದೆಲ್ಲ ಇವರೇ ಬರೀಲಿ. ನನಗೆ ಕೇಳೋದಷ್ಟೇ ಬರೋದು.”